ಹೊಂಬಾಳೆ ಬರೆದ ಪಾಕೀಟು

ಹಾಲಿನ ರತ್ನಮ್ಮನ ಕೈಲಿ ಗಿರಿಜಕ್ಕ ಹೇಳಿಕಳಿಸಿದ್ದರು: "ಬೀರು ಖಾಲಿ ಮಾಡ್ತಾ ಇದೀನಿ. ಅವಳ ಪಾಕೀಟು ಐತೆ, ಬಂದು ತಗಂಡೋಗಕ್ಕೆ ಹೇಳು." ಗಿರಿಜಕ್ಕನ ಯಜಮಾನರು ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ. ತಿಪಟೂರಿನ ಸ್ಟೇಷನ್ ರಸ್ತೆಯಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದ ಅವರನ್ನು ಊರೆಲ್ಲ 'ಸ್ಟುಡಿಯೋದೋರು' ಎಂದೇ ಕರೆಯುತ್ತಿತ್ತು. ನಾನೂ ಹಾಗೇ ಕರೆಯುತ್ತೇನೆ. ಹೆಸರು ಬರೆದರೆ ಹೋದಲ್ಲಿಂದಲೇ ಬೈದಾರು. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಅನುಕೂಲಸ್ಥರ ಮನೆಗಳಲ್ಲಿ ಗೋಡೆಗೆ ತೂಗುಹಾಕಿದ ಫೋಟೋ ಯಾವುದಿದ್ದರೂ ಅದರ ಮೂಲೆಯಲ್ಲಿ ಅವರ ಸ್ಟುಡಿಯೋದ ಸಣ್ಣ ಮುದ್ರೆ ಇರುತ್ತಿತ್ತು. ಮದುವೆ, ಗೃಹಪ್ರವೇಶ, ಹೊಸ ಕೊಬ್ಬರಿ ಮಂಡಿ ತೆರೆಯುವ ದಿನ, ಎಲ್ಲದಕ್ಕೂ ಅವರೇ ಬರಬೇಕು. ಬಿಳಿ ಜುಬ್ಬ, ಹಣೆಯ ಮೇಲೆ ಬೆರಳಗಲ ವಿಭೂತಿ, ಸೈಕಲ್ಲಿನ ಹಿಂದೆ ಕ್ಯಾಮೆರಾ ಪೆಟ್ಟಿಗೆ. ಯಾರೊಡನೆ ಮಾತಾಡುವಾಗಲೂ ಒಂದು ಕಣ್ಣು ಸ್ವಲ್ಪ ಕಿರಿದು ಮಾಡಿಕೊಳ್ಳುವರು. ಹೊಸಬರಿಗೆ ಇವರು ತಮ್ಮನ್ನು ಅಳೆಯುತ್ತಿದ್ದಾರೇನೋ ಅನ್ನಿಸುತ್ತಿತ್ತು. ನಿಜಕ್ಕೂ ಅಳೆಯುತ್ತಲೇ ಇದ್ದರು.

'ನಗಿ' ಅನ್ನುವ ಮಾತು ಅವರ ಬಾಯಲ್ಲಿ ನಾನು ಕೇಳಿಲ್ಲ. ಮಂಡಿ ಸಾಹುಕಾರರು ಕೋಟಿನ ಗುಂಡಿ ಹಾಕಿಕೊಂಡು ಬಿಗಿದುಕೊಂಡು ಕೂತರೆ, "ಈ ಸಲ ಅಟ್ಟದಲ್ಲಿ ಕೊಬ್ಬರಿ ಹೆಂಗೆ ಒಣಗೈತೆ?" ಎಂದು ಕೇಳುವರು. ಸಾಹುಕಾರರು ಉತ್ತರ ಹೇಳಲು ಬಾಯಿ ತೆರೆಯುವ ಮುಂಚಿನ ಆ ಗಳಿಗೆಯಲ್ಲಿ ಕ್ಲಿಕ್ ಆಗಿಬಿಡುತ್ತಿತ್ತು. ಮುದುಕಿಯರಿಗಾದರೆ, "ಮೊಮ್ಮಗನಿಗೆ ಯಾರ ಮೂಗು ಬಂದೈತಮ್ಮ, ನಿಮ್ದೋ ಬೀಗರದೋ?" ಅಷ್ಟು ಸಾಕು, ಮುದುಕಿಯ ಮುಖದಲ್ಲಿ ಒಂದು ತಲೆಮಾರಿನ ಜಗಳವೇ ಬಂದು ನಿಲ್ಲುತ್ತಿತ್ತು. ಆ ಫೋಟೋಗಳು ಈಗಲೂ ಮಾತಾಡುವ ಹಾಗೆ ಇವೆ.

ಫೋಟೋ ಅವರ ಅರ್ಧ ಕಸುಬು. ಇನ್ನರ್ಧ ಡಿಸೈನು. ಲಗ್ನಪತ್ರಿಕೆಯ ಅಂಚು, ಅಂಗಡಿ ಬೋರ್ಡಿನ ಅಕ್ಷರ, ಕೊಬ್ಬರಿ ಚೀಲದ ಮೇಲೆ ಹೊಡೆಯುವ ಮಾರ್ಕು, ಎಲ್ಲವನ್ನೂ ಬರೆದುಕೊಡುತ್ತಿದ್ದರು. ನಮ್ಮ ಮಾವನವರ ಮಂಡಿಯ ಮಾರ್ಕು, ಒಂದು ತೆಂಗಿನ ಗರಿ, ಅದರ ಕೆಳಗೆ ಮೂರು ಕಾಯಿ, ಅವರ ಕೈಯದೇ. ಕನ್ನಡ ಓದಲು ಬಾರದ ಉತ್ತರದ ವ್ಯಾಪಾರಿಗಳೂ ಆ ಮೂರು ಕಾಯಿ ನೋಡಿ ಯಾರ ಮಾಲೆಂದು ಹೇಳುತ್ತಿದ್ದರಂತೆ. ಒಮ್ಮೆ ಯಾರೋ ಲಗ್ನಪತ್ರಿಕೆಯ ನಾಲ್ಕು ಮೂಲೆಗೂ ನಾಲ್ಕು ದೇವರು ಬೇಕೆಂದು ಹಟ ಹಿಡಿದರು. ಇವರು ಪೆನ್ಸಿಲ್ ಕೆಳಗಿಟ್ಟು, "ದೇವರನ್ನ ಮೂಲೆಗೆ ಯಾಕೆ ಕಳಿಸ್ತೀರಿ ಯಜಮಾನ್ರೇ? ಒಬ್ರನ್ನೇ ಕರೆದು ನಡುಮನೇಲಿ ಕೂರಿಸೋಣ," ಅಂದರು. ಆ ಮನೆಯ ಪತ್ರಿಕೆಯನ್ನು ಜನ ಮದುವೆ ಮುಗಿದ ಮೇಲೂ ಎಸೆಯದೆ ಇಟ್ಟುಕೊಂಡಿದ್ದರು.

ಇನ್ನು ಬೀರುವಿನ ಮಾತು. ಆಗ ನಮ್ಮ ಕಡೆ ಹೆಣ್ಣು ನೋಡಲು ಜನ ಬರುವ ಮೊದಲು ಹೆಣ್ಣಿನ ಫೋಟೋ ಊರೂರು ತಿರುಗಿ ಬರುತ್ತಿತ್ತು. ಒಪ್ಪಿಗೆಯಾಗದಿದ್ದರೆ ಫೋಟೋವನ್ನು ವಾಪಸು ಮಾಡಬೇಕು. ಆದರೆ 'ಬ್ಯಾಡ' ಅಂತ ಹಿಂದಿರುಗಿದ ಫೋಟೋ ಪೋಸ್ಟಿನವನ ಕೈಲಿ ಹುಡುಗಿಯ ಬಾಗಿಲಿಗೇ ಬಂದರೆ ಬೀದಿಗೆಲ್ಲ ಡಂಗುರ ಸಾರಿದಂತೆ. ಹಾಗಾಗಿ ಸ್ಟುಡಿಯೋದೋರು ಒಂದು ಪದ್ಧತಿ ಮಾಡಿದ್ದರು. ಫೋಟೋ ಹೋಗುವುದೂ ಸ್ಟುಡಿಯೋದಿಂದ, ಬರುವುದೂ ಸ್ಟುಡಿಯೋಗೆ. ಅದರ ಜೊತೆಗೆ ಬಂದ ಕಾಗದ, ಹುಡುಗಿಯ ಅಪ್ಪ ಬರೆದ ಚೀಟಿ, ನೆಗೆಟಿವ್, ಎಲ್ಲ ಒಂದು ಪಾಕೀಟಿಗೆ ಸೇರಿ ಮರದ ಬೀರುವಿನೊಳಗೆ ಹೋಗುತ್ತಿತ್ತು.

ಪಾಕೀಟಿನ ಮೇಲೆ ಹೆಸರು ಇರುತ್ತಿರಲಿಲ್ಲ. ಹೆಸರಿನ ಬದಲು ಒಂದು ಚಿತ್ರ. ಒಬ್ಬರಿಗೆ ಬೀಸಣಿಗೆ, ಒಬ್ಬರಿಗೆ ಗಿಳಿ, ಇನ್ನೊಬ್ಬರಿಗೆ ಮೂರೆಳೆಯ ರಂಗೋಲಿ. ಯಾರ ಚಿತ್ರ ಯಾವುದು ಅಂತ ಅವರಿಗೆ ಗೊತ್ತು, ಪ್ರಿಂಟು ತೊಳೆದು ಒಣಹಾಕುತ್ತಿದ್ದ ಗಿರಿಜಕ್ಕನಿಗೆ ಗೊತ್ತು. ಬೀರುವಿಗೆ ಬೀಗವೇ ಇರಲಿಲ್ಲ. "ಓದೋಕೆ ಬಂದ್ರೆ ತಾನೆ ಕದಿಯೋದು?" ಅನ್ನುತ್ತಿದ್ದರು. ನನ್ನದು ತೆಂಗಿನ ಹೊಂಬಾಳೆ. ಯಾಕೆ ಅಂತ ಕೇಳಿದ್ದಕ್ಕೆ, "ನೀನು ಮೊದಲ ಸಲ ಬಂದಾಗ ಹಂಗೇ ನಿಂತಿದ್ದೆ, ಈಗ ತಾನೆ ಬಿಚ್ಚಿದ ಹಂಗೆ," ಅಂದರು. ಇಪ್ಪತ್ತರ ಹುಡುಗಿಗೆ ಇಂಥ ಮಾತು ಹೇಳಿದರೆ ಮರೆಯುತ್ತಾಳೆಯೇ?

ನನ್ನ ಎಡಗೆನ್ನೆಯ ಮೇಲೆ ಕಡಲೆಕಾಳಿನಷ್ಟು ದೊಡ್ಡ ಮಚ್ಚೆ ಇದೆ. ನಮ್ಮಜ್ಜಿಗೆ ಅದು ಅದೃಷ್ಟ, ಸೋದರತ್ತೆಗೆ ಅದು ಪೀಡೆ. ಅರಳಗುಪ್ಪೆಯಿಂದ ಅಪ್ಪ ನನ್ನನ್ನು ಬಸ್ಸಿನಲ್ಲಿ ತಿಪಟೂರಿಗೆ ಕರೆತಂದು ಫೋಟೋ ತೆಗೆಸಿದಾಗ, ಸೋದರತ್ತೆಯ ಕಾಟ ತಾಳಲಾರದೆ ಒಂದು ಚೀಟಿ ಬರೆದು ಕೊಟ್ಟರು: 'ಮಚ್ಚೆ ಕಾಣದ ಹಾಗೆ ಮಾಡಿಕೊಡುವುದು.' ಸ್ಟುಡಿಯೋದೋರಿಗೆ ಅದೊಂದು ಆಟ. ಮುಖದ ಮೇಲೆ ಕಪ್ಪಾಗಿರುವುದು ನೆಗೆಟಿವ್‌ನಲ್ಲಿ ತಿಳಿಯಾಗಿ ಕಾಣುತ್ತದೆ. ಅಲ್ಲಿ ಚೂಪು ಪೆನ್ಸಿಲ್ಲಿನಿಂದ ಸಣ್ಣ ಸಣ್ಣ ಚುಕ್ಕೆ ಇಟ್ಟು ಕೆನ್ನೆಯ ಬಣ್ಣಕ್ಕೆ ಕೂಡಿಸಿಬಿಟ್ಟರೆ ಪ್ರಿಂಟಿನಲ್ಲಿ ಮಾಯ. ಎಷ್ಟು ಚೆನ್ನಾಗಿ ಮಾಡಿದರೆಂದರೆ ಫೋಟೋ ನೋಡಿ ನಾನೇ ಕೆನ್ನೆ ಮುಟ್ಟಿ ನೋಡಿಕೊಂಡೆ.

ಆ ಫೋಟೋ ಚಿಕ್ಕನಾಯಕನಹಳ್ಳಿಯ ಒಂದು ಮನೆಗೆ ಹೋಯಿತು. ಅವರಿಗೆ ಹಿಡಿಸಿತು. ನೋಡಲು ಬಂದರು. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಹೊರಗೆ ಬಂದೆ. ಹುಡುಗನ ಅಜ್ಜಿ ಸೆರಗಿನಿಂದ ಫೋಟೋ ತೆಗೆದು ನನ್ನ ಕಿವಿಯ ಪಕ್ಕ ಹಿಡಿದು, ಫೋಟೋವನ್ನೊಮ್ಮೆ ನನ್ನನ್ನೊಮ್ಮೆ ನೋಡಿತು.

"ಇವಳು ಆ ಹುಡುಗಿ ಅಲ್ಲ ಕಣ್ರೋ. ತಂಗಿ ಫೋಟೋ ಕಳಿಸಿ ಅಕ್ಕನ್ನ ತೋರಿಸ್ತಾವ್ರೆ."

ನನಗೆ ತಂಗಿಯೇ ಇಲ್ಲ. ಅಪ್ಪ ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಉಪ್ಪಿಟ್ಟು ಮುಟ್ಟದೆ ಎದ್ದು ಹೋದರು. ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಮಾತು.

ಸುದ್ದಿ ತಿಳಿದ ಸ್ಟುಡಿಯೋದೋರು ಮಾರನೆಯ ದಿನವೇ ಅಂಗಡಿ ಮುಚ್ಚಿ ಚಿಕ್ಕನಾಯಕನಹಳ್ಳಿಯ ಬಸ್ಸು ಹತ್ತಿದರು. ಆ ಮನೆಯ ಜಗಲಿಯ ಮೇಲೆ ಕೂತು ನೆಗೆಟಿವನ್ನು ಬೆಳಕಿಗೆ ಹಿಡಿದು, ಪೆನ್ಸಿಲ್ಲಿನ ಗುರುತು ತೋರಿಸಿ, "ಹುಡುಗಿ ಒಬ್ಬಳೇ. ಮೋಸ ಮಾಡಿದ್ದು ಈ ಕೈ," ಅಂದರಂತೆ. ಅಜ್ಜಿ ನೆಗೆಟಿವ್ ನೋಡಿ ನಂಬಿತು. ಆದರೂ ಒಂದು ಮಾತು ಹೇಳಿತು: "ಇಷ್ಟು ಚೆನ್ನಾಗಿ ಸುಳ್ಳು ಬರೀತೀರಲ್ಲಪ್ಪ, ಇನ್ನು ನಿಮ್ಮ ಸ್ಟುಡಿಯೋದ ಯಾವ ಮುಖಾನ ನಂಬೋದು?"

ಅಲ್ಲಿಂದ ನೇರ ನಮ್ಮೂರಿಗೆ ಬಂದು ಅಪ್ಪನ ಮುಂದೆ ಆ ಮಾತನ್ನು ಹಾಗೇ ಒಪ್ಪಿಸಿದರು. "ಅಜ್ಜಿ ಸರಿಯಾಗೇ ಹೇಳಿದ್ರು," ಅಂದರು. ನನ್ನನ್ನು ಹಿತ್ತಲಿನ ತೆಂಗಿನ ಮರದ ಕೆಳಗೆ ನಿಲ್ಲಿಸಿ, ಮಚ್ಚೆ ಇರುವ ಕೆನ್ನೆಯನ್ನೇ ಬೆಳಕಿಗೆ ತಿರುಗಿಸಿ, ಇನ್ನೊಂದು ಫೋಟೋ ತೆಗೆದರು. ವಾರದೊಳಗೆ ಸ್ಟುಡಿಯೋದಲ್ಲಿ ಹೊಸ ಬೋರ್ಡು ಬಂತು. ಅವರ ಕೈಯ ಅತ್ಯಂತ ಚಂದದ ಅಕ್ಷರ ಅದು: 'ಮುಖದಲ್ಲಿ ಇರುವುದನ್ನು ತೆಗೆಯುವುದಿಲ್ಲ. ಇಲ್ಲದ್ದನ್ನು ಸೇರಿಸುವುದಿಲ್ಲ.' ಹೆಣ್ಣು ಹೆತ್ತವರು ಕೆಲಕಾಲ ಬೇರೆ ಸ್ಟುಡಿಯೋ ಹುಡುಕಿಕೊಂಡರು. ಆಮೇಲೆ ಗಂಡಿನ ಕಡೆಯವರೇ "ಬೋರ್ಡಿನ ಅಂಗಡಿ ಫೋಟೋ ಕಳಿಸಿ" ಅನ್ನತೊಡಗಿದರು. ಎಲ್ಲರೂ ಮತ್ತೆ ಅಲ್ಲಿಗೇ ಬಂದರು.

ಆ ಎರಡನೆಯ ಫೋಟೋ ನೋಡಿ ನನ್ನನ್ನು ಒಪ್ಪಿದ್ದು ತಿಪಟೂರಿನ ಮಂಡಿ ಮನೆಯವರು. ಅವರ ಕಡೆಯಿಂದ ಅದೇ ಸ್ಟುಡಿಯೋದಲ್ಲಿ ತೆಗೆದ ಹುಡುಗನ ಫೋಟೋನೂ ಬಂತು. ನೆಟ್ಟಗೆ ಎದುರು ನೋಡುವ ಮುಖ. ಬಲಗಣ್ಣು ಸ್ವಲ್ಪ ಮೆಳ್ಳೆಗಣ್ಣು, ಅದನ್ನು ಮುಚ್ಚುವ ಯಾವ ಪ್ರಯತ್ನವೂ ಇರಲಿಲ್ಲ. ಸೋದರತ್ತೆ ಮೂಗು ಮುರಿದಳು. "ಮಚ್ಚೆಗೂ ಮೆಳ್ಳೆಗೂ ಸರಿಹೋಯ್ತು ಬುಡಿ ಅತ್ತೆ," ಅಂದೆ. ಆ ಮುಖದಲ್ಲಿ ಒಂದು ನಿಧಾನವಿತ್ತು, ನನಗೆ ಅದು ಇಷ್ಟವಾಯಿತು. ಇಷ್ಟವಾದದ್ದು ಸುಳ್ಳಾಗಲಿಲ್ಲ.

ಮದುವೆಯಾಗಿ ಎರಡು ವರ್ಷ ನೆಮ್ಮದಿಯಾಗಿತ್ತು. ಆಮೇಲೆ ನಮ್ಮ ಮಾವ ಚಿಕ್ಕನಾಯಕನಹಳ್ಳಿಗೆ ಒಂದು ಮದುವೆಗೆ ಹೋದರು. ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ಯಾರೋ, "ನಿಮ್ಮ ಸೊಸೆ ಅಂದ್ರೆ ಆ ಫೋಟೋ ಬದಲಾಯಿಸಿದ್ರಲ್ಲ, ಆ ಹುಡುಗೀನಾ?" ಎಂದು ಕೇಳಿದರಂತೆ. ಆ ಹುಡುಗನ ಅಜ್ಜಿಗೆ ನಿಜ ತಿಳಿದಿತ್ತು. ಆದರೆ ಉಪ್ಪಿಟ್ಟು ಬಿಟ್ಟು ಎದ್ದ ಕತೆ ಓಡಿದಷ್ಟು ಜೋರಾಗಿ ಆ ನಿಜ ಓಡಿರಲಿಲ್ಲ. ಮಾವ ಮನೆಗೆ ಬಂದವರು ನನ್ನ ಮುಖ ನೋಡಲಿಲ್ಲ. ಅತ್ತೆಯ ಬಾಯಿಂದ ತೀರ್ಪು ಬಂತು: "ಯುಗಾದಿಗೆ ನಿನ್ನ ತವರಿಗೆ ಹೋಗಿರವ್ವ. ಹಬ್ಬ ಮುಗಿದ್ರೂ ಅಲ್ಲೇ ಇರು. ಇವರು ವಿಚಾರ ತಿಳ್ಕಂಡು ಹೇಳಿಕಳಿಸ್ತಾರೆ." ಹಾಗೆ ಹೋದ ಹೆಣ್ಣುಗಳನ್ನು ನಾನು ನೋಡಿದ್ದೆ. ಹೇಳಿಕಳಿಸುವ ದಿನ ಬರುವುದೇ ಇಲ್ಲ.

ವಿಚಾರ ತಿಳಿಯಲು ಮಾವ ಹೋದದ್ದು ಸ್ಟುಡಿಯೋಗೆ. ಸ್ಟುಡಿಯೋ ಇದ್ದ ಮಳಿಗೆ ಮಾವನದೇ. ಅಲ್ಲಿ ನಡೆದದ್ದನ್ನು ಗಿರಿಜಕ್ಕ ನನಗೆ ಎಷ್ಟು ಸಲ ಹೇಳಿದ್ದಾರೋ, ನಾನೇ ನೋಡಿದಂತಿದೆ.

"ನಮ್ಮ ಸೊಸೆ ಪಾಕೀಟು ತೆಗೀರಿ."

"ಆ ಮಗು ಬಂದು ಕೇಳಿದ್ರೆ ಕೊಡ್ತೀನಿ ಯಜಮಾನ್ರೇ."

"ನಾನು ಅವಳ ಮಾವ ಕಣ್ರೀ."

"ಹೌದು. ಮುಖ ಅವಳದು."

ಮಾವ ಬೀರುವಿನ ಬಾಗಿಲು ತಾವೇ ಎಳೆದರು. ಒಳಗೆ ಗಿಳಿ, ಬೀಸಣಿಗೆ, ಕಳಶ, ನವಿಲು. ಏನು ತಿಳಿಯಬೇಕು? ಬಾಗಿಲು ದಡಾರನೆ ಹಾಕಿದರು.

"ಈ ಅಂಗಡಿ ಯಾರ್ದು?"

"ತಮ್ದೇ."

"ಹಂಗಾರೆ?"

"ಹಂಗಾರೆ ಅಂಗಡಿ ಬುಡ್ತೀನಿ. ಪಾಕೀಟು ಬುಡಲ್ಲ."

ನನಗೆ ಸುದ್ದಿ ಮುಟ್ಟಿ ನಾನು ಓಡಿಹೋಗುವಷ್ಟರಲ್ಲಿ ಬೋರ್ಡು ಕೆಳಗಿಳಿದಿತ್ತು. ತೆಂಗಿನ ತೋಟ, ಕಟ್ಟೆ, ಎರಡು ಬಾತುಕೋಳಿ ಇದ್ದ, ತಾವೇ ಬರೆದಿದ್ದ ಪರದೆಯನ್ನು ಸ್ಟುಡಿಯೋದೋರು ಚಾಪೆಯ ಹಾಗೆ ಸುತ್ತುತ್ತಿದ್ದರು. ಮುಖದಲ್ಲಿ ಒಂದಿಷ್ಟೂ ಬೇಜಾರಿಲ್ಲ. ನನ್ನ ಪಾಕೀಟು ಕೊಡಿ ಅಂದೆ. ಒಂದು ಪ್ರಶ್ನೆಯನ್ನೂ ಕೇಳದೆ ಹೊಂಬಾಳೆಯ ಪಾಕೀಟು ತೆಗೆದು ಕೈಗಿತ್ತರು.

ಪಕ್ಕದಲ್ಲಿ ಪ್ರಿಂಟು ತೊಳೆಯುವ ಪಾತ್ರೆ ಕಟ್ಟುತ್ತಿದ್ದ ಗಿರಿಜಕ್ಕ ತಡೆಯಲಾರದೆ, "ಇವಳ ಗಂಡಂದೂ ಐತಲ್ಲ, ಅದನ್ನೂ ಕೊಡಬಾರದಾ?" ಅಂದರು.

"ಅದು ಇವಳದಲ್ಲ."

"ಅದರಲ್ಲಿ ಏನೈತೆ?" ಅಂದೆ ನಾನು.

"ಬುಗುರಿ," ಅಂದರು, ಪಾಕೀಟಿನ ಮೇಲಿನ ಚಿತ್ರವನ್ನು ಹೇಳುತ್ತ. ಮತ್ತೆ ಪರದೆ ಸುತ್ತತೊಡಗಿದರು.

ಆ ಮಧ್ಯಾಹ್ನ ನಡುಮನೆಯಲ್ಲಿ ಮಾವ, ಅತ್ತೆ, ನಮ್ಮ ಯಜಮಾನರು ಮೂವರ ಎದುರಿಗೂ ಪಾಕೀಟು ಇಟ್ಟೆ. ಮಾವ ಅದನ್ನು ಎತ್ತಿಕೊಂಡು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರು. ಕಾಯಿಯೊಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಅಂತ ಜೀವಮಾನವೆಲ್ಲ ಅಲ್ಲಾಡಿಸಿ ನೋಡಿದ ಕೈ ಅದು. ಇನ್ನೊಂದು ದಿನವಾಗಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಎರಡು ಫೋಟೋ ನೋಡಿದರು, ಅಪ್ಪನ ಚೀಟಿ ಓದಿದರು, ಹುಡುಗಿ ಒಬ್ಬಳೇ ಎಂದು ಒಪ್ಪಿ ಚಿಕ್ಕನಾಯಕನಹಳ್ಳಿಯ ಅಜ್ಜಿಯ ಮನೆಯಿಂದ ಬಂದ ಕಾಗದ ಓದಿದರು.

"ಬೇರೆ ಹುಡುಗಿ ಇರಲಿಲ್ಲ, ಒಪ್ಪಿದೆ," ಅಂದರು. "ಆದ್ರೆ ಮಚ್ಚೆ ಮುಚ್ಚಿ ಅಂತ ನಿಮ್ಮಪ್ಪನೇ ಬರೆದವ್ರಲ್ಲವ್ವ. ಮುಚ್ಚಿ ಕೊಡೋ ಮನೆ ಅಂತಾಯ್ತಲ್ಲ?"

ನಾನು ಯಾವ ಕಾಗದವನ್ನು ನಂಬಿ ತಂದಿದ್ದೆನೋ ಅದೇ ನನಗೆ ತಿರುಗಿಬಿತ್ತು. ನಮ್ಮ ಯಜಮಾನರ ಕಡೆ ನೋಡಿ, "ನಿಮ್ದೂ ಒಂದು ಪಾಕೀಟು ಐತಂತೆ ಅಲ್ಲಿ," ಅಂದೆ. ಯಾಕೆ ಅಂದೆನೋ ನನಗೇ ಗೊತ್ತಿರಲಿಲ್ಲ.

ನಮ್ಮವರು ಮಾತಿನ ಜನ ಅಲ್ಲ. ತಮ್ಮ ಅಪ್ಪನ ಎದುರು ಅವರು ದನಿ ಎತ್ತಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಎದ್ದರು, ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಒಲೆಯ ಮೇಲಿದ್ದ ಸಾರು ಆರುವಷ್ಟರಲ್ಲಿ ಬುಗುರಿ ಬರೆದ ಪಾಕೀಟು ಹಿಡಿದು ಬಂದರು. ಚಿಕ್ಕ ಹುಡುಗನಾಗಿದ್ದಾಗ ಮೊದಲ ಫೋಟೋಗೆ ಬುಗುರಿ ಬಿಡದೆ ಕೂತಿದ್ದರಂತೆ, ಅದಕ್ಕೆ ಆ ಚಿತ್ರ. ಒಳಗಿನಿಂದ ಒಂದು ಕಾಗದ ತೆಗೆದರು. ತಲೆಯ ಮೇಲೆ ತೆಂಗಿನ ಗರಿ, ಮೂರು ಕಾಯಿ. ಮಂಡಿಯ ಕಾಗದ, ಮಾವನ ಕೈಬರಹ. ನಿಂತುಕೊಂಡೇ ಓದಿದರು: "'ಹುಡುಗನ ಬಲಗಣ್ಣಿನ ದೋಷ ತೋರದಂತೆ ಸರಿಮಾಡಿ ಫೋಟೋ ಕಳುಹಿಸುವುದು. ವಿಷಯ ನಿಮ್ಮಲ್ಲೇ ಇರಲಿ.'"

"ವಿಷಯ ಅವರಲ್ಲೇ ಇತ್ತು ಅಪ್ಪಾಜಿ," ಅಂದರು ನಮ್ಮವರು. "ಬೆಳಿಗ್ಗೆ ನೀವು ಅಂಗಡಿ ಬುಡಿ ಅಂದಾಗ ಇದನ್ನ ನಿಮ್ಮ ಮುಖಕ್ಕೆ ಹಿಡಿದಿದ್ರೆ ಸಾಕಾಗಿತ್ತು. ಅವರು ಹಿಡೀಲಿಲ್ಲ." ಕಾಗದ ಮಡಿಚಿದರು. "ಯುಗಾದಿಗೆ ಇವಳನ್ನ ಕಳಿಸೋದಾದ್ರೆ ನನ್ನೂ ಕಳಿಸಿ. ನನ್ನ ಕಣ್ಣೂ ಹಂಗೇ ಐತೆ."

ಮೊದಲು ನಕ್ಕದ್ದು ಅತ್ತೆ. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗಲಿಲ್ಲ. ಮಾವ ಗೋಡೆ ನೋಡಿದರು, ಸೂರು ನೋಡಿದರು, ಕೊನೆಗೆ, "ಹೊತ್ತೆಷ್ಟಾಯ್ತು, ಎಲೆ ಹಾಕ್ರವ್ವ," ಅಂದರು. ಅದೇ ಅವರ ಕ್ಷಮಾಪಣೆ. ನಾನು ಎಲೆ ಹಾಕಿದೆ. ತವರಿಗೆ ಕಳಿಸುವ ಮಾತು ಮತ್ತೆಂದೂ ಆ ಮನೆಯಲ್ಲಿ ಎದ್ದಿಲ್ಲ.

ಅಂಗಡಿಗೆ ವಾಪಸು ಬನ್ನಿ ಎಂದು ಮಾವ ಎರಡು ಸಲ ಹೇಳಿಕಳಿಸಿದರು. "ಇಲ್ಲಿ ಮನೆ ಹಿತ್ತಲ ಬೆಳಕು ಚೆನ್ನಾಗೈತೆ," ಅಂತ ಸ್ಟುಡಿಯೋದೋರು ಅಲ್ಲೇ ಪರದೆ ಕಟ್ಟಿಕೊಂಡರು. ಮೂರನೆಯ ಸಲ ಮಾವ ಯಾರನ್ನೂ ಕಳಿಸದೆ ತಾವೇ ಹೋದರು. ಕೋಟು ಹಾಕಿಕೊಂಡು ಹೋಗಿ ಸೀಬೆ ಮರದ ಕೆಳಗಿನ ಸ್ಟೂಲಿನ ಮೇಲೆ ಕೂತು, "ಹೆಂಗೈತೋ ಹಂಗೇ ತೆಗೀರಿ," ಅಂದರು. ಆ ಫೋಟೋ ಈಗ ನಮ್ಮ ಮಂಡಿಯ ಗೋಡೆಯಲ್ಲಿದೆ. ಅದರಲ್ಲಿ ಮಾವ ಏನೋ ಹೇಳಲು ಬಾಯಿ ತೆರೆಯುವವರಂತೆ ಕಾಣುತ್ತಾರೆ. ಸ್ಟುಡಿಯೋದೋರು ಏನು ಕೇಳಿದರೋ ಇಬ್ಬರೂ ಹೇಳಲಿಲ್ಲ.

ನಾವು ಗಂಡಹೆಂಡತಿ ನಮ್ಮ ನಮ್ಮ ಪಾಕೀಟುಗಳನ್ನು ಅವರಿಗೇ ವಾಪಸು ಕೊಟ್ಟೆವು. ನಮ್ಮ ಮನೆಯ ಕಬ್ಬಿಣದ ಪೆಟ್ಟಿಗೆಗಿಂತ ಬೀಗವಿಲ್ಲದ ಆ ಬೀರು ಭದ್ರ ಅನ್ನಿಸಿತ್ತು. ಅವರು ಒಂದನ್ನು ಎಡಗೈಲಿ, ಒಂದನ್ನು ಬಲಗೈಲಿ ಹಿಡಿದು, ಒಂದು ಕಣ್ಣು ಕಿರಿದು ಮಾಡಿ ನಮ್ಮಿಬ್ಬರನ್ನೂ ನೋಡಿ, "ಸರಿ," ಅಂದರು. ಅಷ್ಟೇ.

ಕಲರ್ ಫೋಟೋ ಬಂದ ಮೇಲೆ ಅವರ ಕೆಲಸ ಇಳಿಯಿತು. ಅದಕ್ಕೂ ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಕೊನೆಯವರೆಗೂ ಚೀಲದ ಮಾರ್ಕು ಬರೆಯುತ್ತಿದ್ದರು. ಅವರು ಹೋದ ದಿನ ನಾನು ಅತ್ತದ್ದು ನಮ್ಮಪ್ಪ ಹೋದಾಗ ಅತ್ತಷ್ಟೇ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ.

ಗಿರಿಜಕ್ಕನ ಮನೆಗೆ ನಾನು ಹೋದಾಗ ಬೀರು ಮುಕ್ಕಾಲು ಖಾಲಿಯಾಗಿತ್ತು. ಹೆಂಗಸರು ಒಬ್ಬೊಬ್ಬರಾಗಿ ಬಂದು ತಮ್ಮದನ್ನು ಒಯ್ದಿದ್ದರಂತೆ. ತುರುವೇಕೆರೆಯ ಒಬ್ಬಾಕೆ ಬಚ್ಚಲ ಒಲೆಗೆ ಹಾಕಿ ಕೈ ಒರೆಸಿಕೊಂಡು ನಗುತ್ತ ಹೋದಳಂತೆ. ಇನ್ನೊಬ್ಬಳು ತನ್ನ ಮಗಳಿಗೆ ತೋರಿಸುತ್ತೇನೆಂದು ಎದೆಗೆ ಅವಚಿಕೊಂಡು ಹೋದಳಂತೆ. ಗಿರಿಜಕ್ಕ ಮೇಲಿನ ಖಾನೆಯಿಂದ ಒಂದು ದೊಡ್ಡ ಪಾಕೀಟು ತೆಗೆದರು. ನನಗೆ ನೆನಪಿದ್ದ ಪಾಕೀಟು ಅದಲ್ಲ. ಹೊಸ ಕಾಗದ. ಮೇಲೆ ಹೊಂಬಾಳೆ, ಅದರ ನೆರಳಿಗೆ ಒಂದು ಬುಗುರಿ, ತಿರುಗುತ್ತಿರುವ ಹಾಗೆ ಸುತ್ತ ಸಣ್ಣ ಗೆರೆ.

ನಾನು ಕೈ ನೀಡಿದೆ. ಗಿರಿಜಕ್ಕ ಪಾಕೀಟನ್ನು ಹಿಂದಕ್ಕೆಳೆದುಕೊಂಡರು.

"ಒಬ್ಬಳೇ ಬಂದಿದೀಯಾ?"

"ಹೂಂ ಅಕ್ಕ. ಅವರು ಮಂಡೀಲವ್ರೆ."

"ಹಂಗಾರೆ ಹೋಗಿ ಕರ್ಕಂಡು ಬಾ. ನಿಮ್ಮಿಬ್ಬರದೂ ಒಂದೇ ಪಾಕೀಟು ಮಾಡಿ ಇಟ್ಟವ್ರೆ. ಒಬ್ಬರ ಕೈಗೆ ಕೊಡೋ ಹಂಗಿಲ್ಲ."

"ನಾನೇನು ಹೊರಗಿನೋಳಾ ಅಕ್ಕ?"

"ಇದರಲ್ಲಿ ನಿನ್ನ ಮುಖ ಅರ್ಧ ಕಣೇ," ಅಂದರು ಗಿರಿಜಕ್ಕ, ಥೇಟ್ ಸ್ಟುಡಿಯೋದೋರ ದನಿಯಲ್ಲಿ.

ವಾದ ಮಾಡಲಿಲ್ಲ. ಕಣ್ಣೊರೆಸಿಕೊಂಡು ನೇರ ಮಂಡಿಗೆ ನಡೆದೆ. ನಮ್ಮವರು ಕಾಯಿಯೊಂದನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತ ಕೂತಿದ್ದರು.

"ಅದನ್ನ ಕೆಳಗಿಡಿ," ಅಂದೆ. "ಚಪ್ಪಲಿ ಮೆಟ್ಟಿಕೊಳ್ಳಿ."